ಪಿನ್‌ಹೋಲ್ ಕ್ಯಾಮೆರಾ: ಚಿತ್ರ ಮಸುಕಾದರೆ ಮೊದಲು ತೂತು ನೋಡಿ

ಪಿನ್‌ಹೋಲ್ ಕ್ಯಾಮೆರಾ ಅಂದರೆ ಮಸೂರವಿಲ್ಲದ ಕತ್ತಲೆ ಡಬ್ಬಿ. ಪುಟ್ಟ ತೂತಿನಿಂದ ಬರುವ ಬೆಳಕೇ ಒಳಗಿನ ಫೋಟೊ ಕಾಗದದ ಮೇಲೆ ಚಿತ್ರ ಮೂಡಿಸುತ್ತದೆ. ಆ ತೂತಿಗಾಗಿ ಡಬ್ಬಿಯ ತಗಡಿಗೇ ಮೊಳೆ ಹೊಡೆಯಬೇಡಿ. ಅದು ತೂತಲ್ಲ, ಸುರಂಗ. ಓರೆಯಾಗಿ ಬರುವ ಬೆಳಕು ಅದರ ಅಂಚಿಗೇ ಬಡಿದು, ಚಿತ್ರದ ಮೂಲೆಗಳಿಗೆ ತಲುಪುವುದೇ ಇಲ್ಲ. ಡಬ್ಬಿಯಲ್ಲಿ ಬೆರಳು ತೂರುವಷ್ಟು ಕಿಂಡಿ ಮಾಡಿ, ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನಿನಿಂದ 3 ಸೆಂ.ಮೀ. ಚೌಕ ಕತ್ತರಿಸಿ ಒಳಗಿನಿಂದ ಅಂಟಿಸಿ.

ತೂತು ಮಾಡುವುದು ಹೀಗೆ: ಚೌಕವನ್ನು ರಟ್ಟಿನ ಮೇಲಿಟ್ಟು ಸಣ್ಣ ಸೂಜಿಯಿಂದ ಒತ್ತಿ. ಹಿಂಬದಿಯಲ್ಲಿ ಗುಳ್ಳೆ ಎದ್ದರೆ ಸಾಕು, ಪೂರ್ತಿ ಚುಚ್ಚಬೇಡಿ. ಆ ಗುಳ್ಳೆಯನ್ನು 600 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿ, ಸೂಜಿಯ ತುದಿಯನ್ನು ಮೆಲ್ಲಗೆ ತಿರುಗಿಸಿ ಚೂರುಗಳನ್ನು ಬಿಡಿಸಿ. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಅಂಚು ದುಂಡಗಿರಬೇಕು. ಒಂದು ಎಳೆ ಉಳಿದರೂ ಚಿತ್ರ ಕೆಡುತ್ತದೆ.

ತೂತಿನಿಂದ ಕಾಗದಕ್ಕೆ 10 ಸೆಂ.ಮೀ. ಇದ್ದರೆ ತೂತಿನ ಅಗಲ 0.4 ಮಿ.ಮೀ., 5 ಸೆಂ.ಮೀ. ಇದ್ದರೆ 0.3 ಮಿ.ಮೀ. ಇನ್ನೂ ಚಿಕ್ಕದು ಮಾಡಿದರೆ ಚಿತ್ರ ಸ್ಪಷ್ಟವಾಗುತ್ತದೆ ಅನ್ನುವುದು ಭ್ರಮೆ. ಬೆಳಕು ಅಂಚಿನಲ್ಲಿ ಬಾಗಿ ಹರಡಿ ಮತ್ತೆ ಮಸುಕು.

(ಮರದಡಿಯ ದುಂಡನೆ ಬಿಸಿಲಚುಕ್ಕೆಗಳೂ ಪಿನ್‌ಹೋಲ್‌ನದೇ ಆಟ. ಎಲೆಸಂದು ಯಾವ ಆಕಾರದ್ದಾದರೂ ಚುಕ್ಕೆ ಸೂರ್ಯನದೇ ಚಿತ್ರ. ಪಾರ್ಶ್ವ ಗ್ರಹಣದಲ್ಲಿ ಅವೆಲ್ಲ ಕುಡುಗೋಲಿನಂತಾಗುತ್ತವೆ.)

0.4 ಮಿ.ಮೀ. ತೂತು, 10 ಸೆಂ.ಮೀ. ದೂರ ಅಂದರೆ ಎಫ್/250 (ದೂರವನ್ನು ತೂತಿನ ಅಗಲದಿಂದ ಭಾಗಿಸಿದ ಸಂಖ್ಯೆ). ಫೋಟೊ ಕಾಗದ ಬೆಳಕಿಗೆ ಸ್ಪಂದಿಸುವ ವೇಗವನ್ನು ಐಎಸ್‌ಒ 6 ಎಂದು ಹಿಡಿದರೆ ಚುರುಕು ಬಿಸಿಲಿನಲ್ಲಿ ತೂತನ್ನು 40 ಸೆಕೆಂಡ್ ತೆರೆದಿಡಿ. ಮೋಡವಿದ್ದರೆ ಮೂರು ನಿಮಿಷದಿಂದ ಶುರುಮಾಡಿ. ಶಟರ್‌ಗೆ ಕಪ್ಪು ಟೇಪ್ ಸಾಕು. ಅದನ್ನು ಕೀಳುವಾಗ ಡಬ್ಬಿ ಅಲುಗದಂತೆ ಮೇಲೊಂದು ಕಲ್ಲಿಡಿ.