ಬೆಂಕಿ ಬಿದ್ದಾಗ ಠಾಣಾಧಿಕಾರಿಗೆ ಏನು ಹೇಳಬೇಕು?

ಕೊಡಗಿನ ಕಾಫಿ ತೋಟದ ಮನೆಗೋ ಗೋದಾಮಿಗೋ ಬೆಂಕಿ ಬಿದ್ದು ಅಗ್ನಿಶಾಮಕ ವಾಹನ ಅಂಗಳಕ್ಕೆ ಬಂದು ನಿಂತಾಗ ಸಾಮಾನ್ಯವಾಗಿ ನಡೆಯುವುದು ಇದು: ಹತ್ತು ಜನ ಹತ್ತು ದಿಕ್ಕಿನಿಂದ ಕೂಗುತ್ತಾರೆ. ಒಬ್ಬರಿಗೆ ಬೀರುವಿನ ಚಿಂತೆ, ಇನ್ನೊಬ್ಬರು ಹೋಸ್ ಪೈಪನ್ನು ತಾವೇ ಎಳೆಯತೊಡಗುತ್ತಾರೆ. ಒಳಗೆ ಯಾರಾದರೂ ಉಳಿದಿದ್ದಾರೆಯೇ ಎಂಬ ಪ್ರಶ್ನೆಗೆ ಮಾತ್ರ ಯಾರಲ್ಲೂ ಖಚಿತ ಉತ್ತರ ಇರುವುದಿಲ್ಲ. ವಾಹನದಿಂದ ಮೊದಲು ಇಳಿಯುವ ಅಧಿಕಾರಿಗೆ ಬೇಕಾದದ್ದು ಆ ಉತ್ತರ.

ಈ ಅಧಿಕಾರಿ ಯಾರು ಎಂಬುದರಲ್ಲೇ ಹಲವರಿಗೆ ಗೊಂದಲ. ಮುಂಬೈಯಲ್ಲಿ ಅಗ್ನಿಶಾಮಕ ದಳ ಮಹಾನಗರ ಪಾಲಿಕೆಯದು. ನಮ್ಮಲ್ಲಿ ಹಾಗಲ್ಲ, ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ರಾಜ್ಯ ಸರ್ಕಾರದ್ದು. ಹಾಗಾಗಿ ಬೆಂಕಿ ಬಿದ್ದಾಗ ನಗರಸಭೆಗೋ ಪಂಚಾಯಿತಿಗೋ ಫೋನ್ ಮಾಡಿದರೆ ಸಮಯ ಹಾಳು. ಠಾಣೆಯ ಹೊಣೆ ಅಗ್ನಿಶಾಮಕ ಠಾಣಾಧಿಕಾರಿಯದು. ಅವರ ಕೆಳಗೆ ಸಹಾಯಕ ಠಾಣಾಧಿಕಾರಿ, ಪ್ರಮುಖ ಅಗ್ನಿಶಾಮಕ, ಚಾಲಕರು, ಅಗ್ನಿಶಾಮಕರು. ಮೇಲೆ ಜಿಲ್ಲಾ ಅಗ್ನಿಶಾಮಕ ಅಧಿಕಾರಿ, ಪ್ರಾದೇಶಿಕ ಅಧಿಕಾರಿ, ಮುಖ್ಯ ಅಗ್ನಿಶಾಮಕ ಅಧಿಕಾರಿ. ಕೆಲವರು ಪದವಿ ಮುಗಿಸಿ ನೇರವಾಗಿ ಠಾಣಾಧಿಕಾರಿಯಾಗುತ್ತಾರೆ, ಕೆಲವರು ಕೆಳಗಿನಿಂದ ಬಡ್ತಿ ಪಡೆದು ಬರುತ್ತಾರೆ. ಪಂಪಿನ ಒತ್ತಡದ ಲೆಕ್ಕ, ಕಟ್ಟಡ ಕುಸಿಯುವ ಲಕ್ಷಣ, ಹೊಗೆಯ ಬಣ್ಣ, ಉಸಿರಾಟದ ಉಪಕರಣ ಎಲ್ಲವೂ ಇವರ ತರಬೇತಿಯ ಭಾಗ. ಆದರೆ ನಿಮ್ಮ ಮನೆಯ ಒಳಗು ಅವರಿಗೆ ಗೊತ್ತಿಲ್ಲ. ಅದನ್ನು ಹೇಳಬೇಕಾದವರು ನೀವು.

ಕರೆ ಮತ್ತು ದಾರಿ

101 ಅಥವಾ 112ಕ್ಕೆ ಕರೆ ಮಾಡಿ. 112 ರಾಜ್ಯಮಟ್ಟದ ನಿಯಂತ್ರಣ ಕೊಠಡಿಗೆ ಹೋಗುವುದರಿಂದ ಮೊದಲ ಮಾತು ‘ಕೊಡಗು ಜಿಲ್ಲೆ’ ಆಗಿರಲಿ. ಆಮೇಲೆ ತಾಲ್ಲೂಕು, ಊರು, ಮುಖ್ಯರಸ್ತೆಯಿಂದ ತಿರುಗುವ ಜಾಗ. ಬರೀ ‘ಹೊಸಕೋಟೆ’ ಎಂದರೆ ಬೆಂಗಳೂರಿನ ಪಕ್ಕದ ಊರು ಎಂದುಕೊಂಡಾರು. ‘ಕೊಡಗಿನ ಸುಂಟಿಕೊಪ್ಪದ ಹತ್ತಿರದ 7ನೇ ಹೊಸಕೋಟೆ’ ಎನ್ನಿ. ಲೊಕೇಶನ್ ಕಳಿಸಿ ಸುಮ್ಮನೆ ಕೂರಬೇಡಿ. ತೋಟದೊಳಗೆ ನೆಟ್‌ವರ್ಕ್ ಕೈಕೊಡುತ್ತದೆ. ಮ್ಯಾಪು ಎಷ್ಟೋ ಸಲ ಜೀಪ್ ಮಾತ್ರ ಹೋಗುವ ಹಿಂದಿನ ದಾರಿಯನ್ನು ತೋರಿಸುತ್ತದೆ. ಒಬ್ಬರು ಟಾರ್ಚ್ ಹಿಡಿದು ಮುಖ್ಯರಸ್ತೆಯಲ್ಲೇ ನಿಲ್ಲಬೇಕು.

ಗೇಟು 12 ಅಡಿಗಿಂತ ಕಿರಿದಾಗಿದ್ದರೆ ಈ ಬೇಸಿಗೆಯಲ್ಲೇ ಅಗಲ ಮಾಡಿಸಿ. ದಾರಿಯ ಮೇಲೆ ಬಾಗಿದ ಸಿಲ್ವರ್ ಓಕ್ ಕೊಂಬೆಗಳನ್ನು 15 ಅಡಿ ಎತ್ತರದವರೆಗೆ ಸವರಿಸಿ. ನೀರು ತುಂಬಿದ ವಾಹನ ಹತ್ತು ಟನ್ನಿಗೂ ಹೆಚ್ಚು ತೂಗುತ್ತದೆ, ಹಳೆಯ ಕಲ್ಲುಮೋರಿ ಇದ್ದರೆ ಕರೆ ಮಾಡುವಾಗಲೇ ತಿಳಿಸಿ.

ಮೊದಲ ಒಂದು ನಿಮಿಷ

ಎಲ್ಲರೂ ಎಡವುವುದು ಇಲ್ಲೇ. ಅಧಿಕಾರಿಯ ಜೊತೆ ಮಾತಾಡುವವರು ಒಬ್ಬರೇ ಇರಲಿ. ಮನೆಯ ಯಜಮಾನರೇ ಆಗಬೇಕೆಂದಿಲ್ಲ. ಎಷ್ಟೋ ತೋಟಗಳಲ್ಲಿ ಯಾವ ಸ್ವಿಚ್ ಎಲ್ಲಿದೆ, ಯಾವ ಬೀಗದ ಕೈ ಯಾರಲ್ಲಿದೆ ಎಂದು ಚೆನ್ನಾಗಿ ಗೊತ್ತಿರುವುದು ತೋಟದ ಲೆಕ್ಕಪತ್ರ ನೋಡುವ ರೈಟರ್‌ಗೆ. ಹಾಗಿದ್ದರೆ ಅವರೇ ಮಾತಾಡಲಿ.

ಮೊದಲು ಜನ. ‘ಒಳಗೆ ಯಾರೂ ಇಲ್ಲ ಅನ್ಸುತ್ತೆ ಸಾರ್’ ಎಂಬ ಉತ್ತರದಿಂದ ಪ್ರಯೋಜನವಿಲ್ಲ. ಅಂಥ ಉತ್ತರ ಬಂದರೆ ಅಧಿಕಾರಿ ತನ್ನ ಹುಡುಗರನ್ನು ಹೊಗೆಯೊಳಗೆ ಹುಡುಕಲು ಕಳಿಸಲೇಬೇಕಾಗುತ್ತದೆ. ಹೋಂಸ್ಟೇ ನಡೆಸುವವರು ರಿಜಿಸ್ಟರ್ ಪುಸ್ತಕವನ್ನು ಮೊದಲು ಹೊರಗೆ ತರಬೇಕು. ಅತಿಥಿಗಳನ್ನು ಅಂಗಳದ ಒಂದು ಮೂಲೆಯಲ್ಲಿ ಸೇರಿಸಿ ತಲೆ ಎಣಿಸಬೇಕು. ‘ಎಂಟು ಜನ ಇದ್ದರು, ಏಳು ಜನ ಇಲ್ಲಿದ್ದಾರೆ, ಉಳಿದವರ ಕೋಣೆ ಮಹಡಿಯ ಮೇಲೆ ಎಡಗಡೆ ಎರಡನೆಯದು.’ ಹೀಗಿರಬೇಕು ಮಾತು.

ಎರಡನೆಯದು ಕರೆಂಟು. ಮೇನ್ ಸ್ವಿಚ್ ಆರಿಸಿದ್ದೀವಿ ಎಂದರೆ ಸಾಲದು. ಮೇನ್ ಆರಿಸಿದ ಕೂಡಲೇ ಇನ್ವರ್ಟರ್ ಮನೆಯ ವೈರುಗಳಿಗೆ ಮತ್ತೆ ಕರೆಂಟು ಕೊಡುತ್ತದೆ. ತಾನಾಗಿ ಚಾಲೂ ಆಗುವ ಜನರೇಟರ್ ಇದ್ದರೆ ಕೆಲವೇ ಸೆಕೆಂಡುಗಳಲ್ಲಿ ಇಡೀ ಮನೆಗೆ ಕರೆಂಟು ವಾಪಸು ಬರುತ್ತದೆ, ಆಗ ನೀರು ಹಾಯಿಸುತ್ತಿರುವವರ ಪ್ರಾಣಕ್ಕೆ ಅಪಾಯ. ಜನರೇಟರನ್ನು ಆಟೋದಿಂದ ಆಫ್‌ಗೆ ತಿರುಗಿಸಿ, ಇನ್ವರ್ಟರ್ ಬಂದ್ ಮಾಡಿ, ಮಾಡಿದ್ದನ್ನು ಹೇಳಿ. ಛಾವಣಿಯ ಸೋಲಾರ್ ಫಲಕ ಹಗಲಿನಲ್ಲಿ ಏನು ಮಾಡಿದರೂ ಕರೆಂಟು ಉತ್ಪಾದಿಸುತ್ತಲೇ ಇರುತ್ತದೆ, ಅದು ಇದ್ದರೆ ತಪ್ಪದೆ ತಿಳಿಸಿ. ಟ್ರಾನ್ಸ್‌ಫಾರ್ಮರ್ ಮುಟ್ಟಬೇಡಿ, ಅದು ವಿದ್ಯುತ್ ಕಂಪನಿ ಸೆಸ್ಕ್‌ನ ಸಿಬ್ಬಂದಿಯ ಕೆಲಸ.

ಮೂರನೆಯದು ಒಳಗಿರುವ ವಸ್ತು. ಗ್ಯಾಸ್ ಸಿಲಿಂಡರ್ ಎಷ್ಟು, ಎಲ್ಲಿ, ತುಂಬಿದ್ದೋ ಖಾಲಿಯೋ. ಡೀಸೆಲ್ ಬ್ಯಾರೆಲ್, ಕೀಟನಾಶಕ. ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದಿಟ್ಟ ಸುಟ್ಟ ಸುಣ್ಣವನ್ನು ಮರೆಯುವವರೇ ಜಾಸ್ತಿ. ಅದರ ಮೇಲೆ ನೀರು ಬಿದ್ದರೆ ತಣ್ಣಗಾಗುವ ಬದಲು ಕುದಿಯುವಷ್ಟು ಕಾವು ಏಳುತ್ತದೆ. ಸುಣ್ಣದ ಚೀಲಗಳಿರುವ ಮೂಲೆಯನ್ನು ಕೈತೋರಿಸಿ ಹೇಳಿ.

ಇನ್ನು ಕೋವಿ. ಕೊಡಗಿನ ಮನೆಗಳಲ್ಲಿ ಕೋವಿ ಇರುವುದು ಸಹಜ, ಹೇಳಲು ಹಿಂಜರಿಯಬೇಕಾಗಿಲ್ಲ. ಪೆಟ್ಟಿಗೆಯಲ್ಲಿರುವ ಬಿಡಿ ತೋಟ (ಕಾಡತೂಸು) ಬೆಂಕಿಗೆ ಸಿಡಿದರೂ ಅದರ ಚೂರುಗಳು ಹೆಚ್ಚು ದೂರ ಹಾರುವುದಿಲ್ಲ. ನಳಿಗೆಯಲ್ಲಿ ತೋಟ ತುಂಬಿಟ್ಟ ಕೋವಿ ಹಾಗಲ್ಲ, ಅದು ಕಾದರೆ ಗುಂಡು ಹಾರಿಸಿದಂತೆಯೇ. ಅದು ಯಾವ ಗೋಡೆಯಲ್ಲಿದೆ, ನಳಿಗೆ ಯಾವ ಕಡೆಗೆ ಮುಖ ಮಾಡಿದೆ ಎಂದು ತಿಳಿಸಿ. ಕೋವಿಯಲ್ಲಿ ತೋಟ ತುಂಬಿಡುವ ಅಭ್ಯಾಸವನ್ನೇ ಬಿಡುವುದು ಇನ್ನೂ ಒಳ್ಳೆಯದು.

ನೀರು ಎಲ್ಲಿದೆ?

ದೊಡ್ಡ ವಾಹನದಲ್ಲಿ ಸಾಮಾನ್ಯವಾಗಿ 4,500 ಲೀಟರ್ ನೀರಿರುತ್ತದೆ. ಒಂದು ನಾಝಲ್ ನಿಮಿಷಕ್ಕೆ ಸುಮಾರು 200 ಲೀಟರ್ ಚಿಮ್ಮಿಸುತ್ತದೆ. ಎರಡು ನಾಝಲ್ ತೆರೆದರೆ 11 ನಿಮಿಷಕ್ಕೆ ಟ್ಯಾಂಕ್ ಖಾಲಿ. ಆದ್ದರಿಂದ ಬೆಂಕಿಗೆ ನೀರು ಹಾಯಿಸಲು ಶುರುಮಾಡುವ ಹೊತ್ತಿಗೇ ಅಧಿಕಾರಿಯ ತಲೆಯಲ್ಲಿ ಮುಂದಿನ ನೀರಿನ ಲೆಕ್ಕ ನಡೆದಿರುತ್ತದೆ.

ತೋಟದ ಕೆರೆ ಇದ್ದರೆ ಸಾಕು ಎಂದುಕೊಳ್ಳಬೇಡಿ. ಪಂಪ್ ಪೈಪಿನೊಳಗಿನ ಗಾಳಿಯನ್ನು ತೆಗೆದಾಗ, ಸಮುದ್ರಮಟ್ಟದಲ್ಲಿ ಹೊರಗಿನ ಗಾಳಿಯ ಒತ್ತಡ ನೀರನ್ನು ಸುಮಾರು 10 ಮೀಟರ್ ಎತ್ತರಕ್ಕೆ ತಳ್ಳಬಲ್ಲದು. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ, ಇಲ್ಲಿ ಅದು 9 ಮೀಟರಿಗೆ ಇಳಿಯುತ್ತದೆ. ಪೈಪಿನೊಳಗಿನ ಘರ್ಷಣೆ, ಪಂಪಿನ ಸವಕಳಿ ಕಳೆದರೆ ನೆಚ್ಚಬಹುದಾದದ್ದು 6 ಮೀಟರ್, ಅಂದರೆ 20 ಅಡಿ. ವಾಹನ ನಿಲ್ಲುವ ಗಟ್ಟಿ ನೆಲದಿಂದ ಕೆರೆಯ ನೀರು ಅದಕ್ಕಿಂತ ಕೆಳಗಿದ್ದರೆ ಪಂಪ್ ಎಷ್ಟು ಓಡಿದರೂ ನೀರು ಏರುತ್ತದೆಂದು ನೆಚ್ಚುವಂತಿಲ್ಲ. ಮಾರ್ಚ್‌ನಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಹೊಡೆದು ಕೆರೆ ತಳ ಕಂಡಿರುವಾಗಲೇ ಟೇಪ್ ಇಳಿಬಿಟ್ಟು ಅಳೆದು ನೋಡಿ.

ಕೆರೆಯಿಂದ ನೀರು ಹೀರುವ ಸಕ್ಷನ್ ಪೈಪಿನ ತುದಿಯ ಜಾಲರಿ ನೀರಿನ ಮಟ್ಟದಿಂದ ಎರಡಡಿಯಾದರೂ ಕೆಳಗೆ ಮುಳುಗಿರಬೇಕು, ಇಲ್ಲದಿದ್ದರೆ ಸುಳಿಯೆದ್ದು ಗಾಳಿ ಒಳಸೇರುತ್ತದೆ. ತಳಕ್ಕೂ ತಾಗಬಾರದು, ಕೊಳೆತ ಎಲೆ ಮತ್ತು ಕೆಸರು ಒಂದೇ ನಿಮಿಷದಲ್ಲಿ ಜಾಲರಿಯನ್ನು ಮುಚ್ಚಿಬಿಡುತ್ತವೆ. ಕಾಫಿ ಕೊಯ್ಯುವ ಬಿದಿರಿನ ಕುಕ್ಕೆಯೊಳಗೆ ಜಾಲರಿಯನ್ನಿಟ್ಟು, ಹಗ್ಗ ಕಟ್ಟಿ ಇಳಿಬಿಟ್ಟರೆ ಕಸ ಹೊರಗೇ ಉಳಿಯುತ್ತದೆ. ಒಂದು ಕುಕ್ಕೆ ಹಗ್ಗದ ಸಮೇತ ಪಂಪ್‌ಹೌಸ್‌ನಲ್ಲಿರಲಿ.

ಸ್ಪ್ರಿಂಕ್ಲರ್ ಸೆಟ್ ಇರುವವರಿಗೆ ಇದಕ್ಕಿಂತ ಸುಲಭದ ದಾರಿಯಿದೆ. ಸ್ಪ್ರಿಂಕ್ಲರ್ ಪೈಪಿನ ಜೋಡಣೆ ಇಲಾಖೆಯ ಹೋಸಿಗೆ ಕೂರುವುದಿಲ್ಲ, ಕೂರಿಸಲು ಹೆಣಗಬೇಡಿ. ಪೈಪ್‌ಲೈನನ್ನು ಅಂಗಳದವರೆಗೆ ಎಳೆದು, ಕೊನೆಗೆ ಬಾಗುವ ಹೋಸ್ ಸಿಕ್ಕಿಸಿ, ಅದರ ಬಾಯಿಯನ್ನು ವಾಹನದ ಟ್ಯಾಂಕಿನ ಮೇಲಿನ ಮುಚ್ಚಳದೊಳಗೆ ಬಿಟ್ಟರೆ ಆಯಿತು. ವಾಹನ ಕೆರೆಗೆ ಹೋಗಿಬರುವ ಪ್ರಮೇಯವೇ ಇಲ್ಲ.

ಆಮೇಲೆ ಅವರ ಮಾತು ಕೇಳಿ

1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯಿದೆಯ ಪ್ರಕಾರ, ಬೆಂಕಿ ಬಿದ್ದ ಜಾಗದಲ್ಲಿ ಜನರನ್ನು ದೂರ ಸರಿಸಲು, ದಾರಿ ಮುಚ್ಚಲು, ಬಾಗಿಲು ಗೋಡೆ ಒಡೆಯಲು ಅಧಿಕಾರಿಗೆ ಹಕ್ಕಿದೆ. ಅವರೊಂದಿಗೆ ವಾದಕ್ಕೆ ನಿಲ್ಲಬೇಡಿ. ಹೆಂಚಿನ ಮನೆಗಳಲ್ಲಿ ಊರಿನ ಹುಡುಗರು ಏಣಿಯಿಟ್ಟು ಹತ್ತಿ ಹೆಂಚು ತೆಗೆದು ಕೊಡದಲ್ಲಿ ನೀರು ಸುರಿಯುವುದುಂಟು. ತೆಗೆದ ಕಿಂಡಿಯೇ ಚಿಮಣಿಯಾಗಿ, ಅಟ್ಟದ ಸೌದೆಗೆ ಗಾಳಿ ಸಿಕ್ಕಿ ಛಾವಣಿಯ ಪಕಾಸಿಗೆಲ್ಲ ಬೆಂಕಿ ಹಬ್ಬುತ್ತದೆ. ಛಾವಣಿಯನ್ನು ಎಲ್ಲಿ, ಯಾವಾಗ ತೆರೆಯಬೇಕೆಂದು ಅಧಿಕಾರಿಯೇ ಹೇಳಲಿ. ವಾಹನ ಬರುವ ಮೊದಲು ಕೈಲಾದದ್ದು ಮಾಡಲು ಐಎಸ್‌ಐ ಗುರುತಿನ 6 ಕೆ.ಜಿ. ಎಬಿಸಿ ಪುಡಿಯ, ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಿ. ಆನ್‌ಲೈನ್‌ನಲ್ಲಿ ಮಾರುವ, ಬೆಂಕಿಗೆ ಎಸೆಯುವ ಚೆಂಡಿಗೆ ದುಡ್ಡು ಹಾಕಬೇಡಿ. ಅಡುಗೆಮನೆಯಲ್ಲಿ ಎಣ್ಣೆ ಹೊತ್ತಿದರೆ ಬಾಣಲೆಗೆ ಮುಚ್ಚಳ ಮುಚ್ಚಿ ಗ್ಯಾಸ್ ಆರಿಸುವುದು ಅದಕ್ಕಿಂತ ಖಂಡಿತ ಮೇಲು.

ಜ್ವಾಲೆ ಆರಿದ ಮೇಲೂ ಚೆರಿ ಕಾಫಿಯ ಗೋಣಿಚೀಲಗಳ ರಾಶಿಯೊಳಗೆ ಕೆಂಡ ಗಂಟೆಗಟ್ಟಲೆ ಬದುಕಿರುತ್ತದೆ. ಸಿಬ್ಬಂದಿ ಹೊರಡುವ ಮೊದಲು ಯಾವ ಚೀಲಗಳನ್ನು ಹೊರಗೆಳೆದು ಬಿಡಿಸಬೇಕೆಂದು ಕೇಳಿ, ಕಣದಲ್ಲಿ ತೆಳುವಾಗಿ ಹರವಿ, ನೀರು ಚಿಮುಕಿಸಿ. ರಾತ್ರಿಯಿಡೀ ಒಬ್ಬರು ಕಾವಲಿದ್ದು ಗಂಟೆಗೊಮ್ಮೆ ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದು ಕಾವು ನೋಡಬೇಕು. ವಿಮೆಗೆ ಬೇಕಾಗುವ ವರದಿಗೆ ಮರುದಿನವೇ ಅಗ್ನಿಶಾಮಕ ಠಾಣೆಗೆ ಅರ್ಜಿ ಕೊಡಿ.