ರೌಂಡ್ ಗೋಡೆಗೆ ಬೋರ್ಡು ಕೂರಿಸಿದ ನನ್ನ ಅನುಭವ

ತುಮಕೂರಿನ ಚಿಕ್ಕಪೇಟೆ ಕಡೆ ಒಂದು ಮೂಲೆ ಅಂಗಡಿ. ಪುಸ್ತಕ, ಪೆನ್ನು, ನೋಟ್‌ಬುಕ್ ವ್ಯಾಪಾರ. ಎರಡು ರಸ್ತೆ ಸೇರುವ ಜಾಗ ಆದ್ದರಿಂದ ಗೋಡೆ ಅಲ್ಲಿ ಗುಂಡಗೆ ತಿರುಗುತ್ತದೆ. ಮೊದಲು ಅಲ್ಲಿ ನೇರ ಫ್ರೇಮಿನ ಫ್ಲೆಕ್ಸ್ ಬೋರ್ಡು ಹಾಕಿದ್ದು ನಾನೇ. ನಡುವೆ ಗೋಡೆಗೆ ತಾಗಿ, ಎರಡೂ ತುದಿಯಲ್ಲಿ ಸುಮಾರು 8 ಇಂಚು ಸಂದಿ ಇತ್ತು. ತುದಿಗೆ ಉದ್ದದ ಕ್ಲಾಂಪ್ ಕೊಟ್ಟು ಬಿಗಿದಿದ್ದೆ. ಆಷಾಢದ ಗಾಳಿಗೆ ಫ್ರೇಮು ಹಿಂದಕ್ಕೂ ಮುಂದಕ್ಕೂ ಆಡಿ ಆಡಿ, ಒಂದು ಕಡೆ ಫಾಸ್ಟ್‌ನರ್ (ಗೋಡೆಯ ತೂತಿನಲ್ಲಿ ಬಿಗಿಯುವ ಬೋಲ್ಟು) ಗಾರೆ ಸಮೇತ ಕಿತ್ತು ಬಂತು. ಕೆಳಗೆ ಹೂವು ಮಾರುವ ಅಮ್ಮ ಕೂರುತ್ತಾರೆ. ಯಾರಿಗೂ ಏನೂ ಆಗಲಿಲ್ಲ, ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನವೇ ಬೋರ್ಡು ಇಳಿಸಿದೆ. "ಅಣ್ಣ, ಗೋಡೆ ಹೇಗಿದೆಯೋ ಹಾಗೇ ಫ್ರೇಮು ಮಾಡ್ತೀನಿ, 15 ದಿನ ಟೈಮ್ ಕೊಡಿ" ಅಂತ ಅಂಗಡಿಯವರಿಗೆ ಹೇಳಿದೆ.

ಕಿತ್ತು ಬಂದ ತೂತು ನೋಡಿದಾಗ ಕಾರಣ ಗೊತ್ತಾಯಿತು. ಇಂಥ ಗೋಡೆಯಲ್ಲಿ ಇಟ್ಟಿಗೆ ಪೂರ್ತಿ ಗುಂಡಗೆ ಬಂದಿರುವುದಿಲ್ಲ. ಮೇಸ್ತ್ರಿ ಅದನ್ನು ಗಾರೆಯಲ್ಲಿ ತುಂಬಿ ರೌಂಡ್ ಮಾಡಿರುತ್ತಾರೆ. ಇಲ್ಲಿ ಕೆಲವು ಕಡೆ ಗಾರೆಯೇ 2 ಇಂಚು ದಪ್ಪ ಇತ್ತು. ನನ್ನ ಫಾಸ್ಟ್‌ನರ್ ಇಟ್ಟಿಗೆಯನ್ನು ಮುಟ್ಟಿರಲೇ ಇಲ್ಲ. ಈಗ ಡ್ರಿಲ್ ಮಾಡುವಾಗ ಪುಡಿಯ ಬಣ್ಣ ನೋಡುತ್ತೇನೆ. ಬೂದಿ ಬಣ್ಣ ಬರುವವರೆಗೂ ಗಾರೆ, ಕೆಂಪು ಪುಡಿ ಶುರುವಾದ ಮೇಲೆ ಇಟ್ಟಿಗೆ. ಆಳ ಲೆಕ್ಕ ಹಾಕುವುದು ಆ ಕೆಂಪಿನಿಂದ.

ಅಳತೆಗೆ ಬಂದರೆ, 8 ಅಡಿಯ ನೇರ ಪೈಪನ್ನು ಗೋಡೆಗೆ ಒತ್ತಿ ಹಿಡಿದು, ಎರಡೂ ತುದಿಯ ಸಂದಿ ಒಂದೇ ಸಮ ಬರುವ ಹಾಗೆ ಸರಿಸಿದೆ. ಸಂದಿ 8 ಇಂಚು. ಪೈಪಿನ ಅರ್ಧ ಉದ್ದ 48 ಇಂಚು. 48ನ್ನು 48ರಿಂದ ಗುಣಿಸಿ, ಸಂದಿಯ ಎರಡರಷ್ಟು, ಅಂದರೆ 16ರಿಂದ ಭಾಗಿಸಿದರೆ 144. ಅದಕ್ಕೆ ಸಂದಿಯ ಅರ್ಧ 4 ಕೂಡಿಸಿದರೆ 148 ಇಂಚು. ಅಂದರೆ ಗೋಡೆಯ ತಿರುವಿನ ರೇಡಿಯಸ್ 12 ಅಡಿ 4 ಇಂಚು. ಇಲ್ಲೇ ನಾನು ಎಡವಿದೆ. ಬೋರ್ಡು 8 ಅಡಿ ತಾನೇ ಅಂತ 8 ಅಡಿಯ ಎಸಿಪಿ ಶೀಟ್ (ನಡುವೆ ಪ್ಲಾಸ್ಟಿಕ್, ಎರಡೂ ಕಡೆ ಅಲ್ಯೂಮಿನಿಯಂ ಇರುವ ಹಾಳೆ) ತಂದುಬಿಟ್ಟೆ. ಗೋಡೆಯಿಂದ 2 ಇಂಚು ಮುಂದೆ ನಿಲ್ಲುವ ಬೋರ್ಡಿನ ಮುಖವನ್ನು ತಿರುವಿನ ಮೇಲೆ ಅಳೆದರೆ ಹತ್ತಿರ ಹತ್ತಿರ 99 ಇಂಚು. ಶೀಟು 3 ಇಂಚು ಕಡಿಮೆ ಬಿತ್ತು. ಪಕ್ಕಕ್ಕೆ ಮಡಿಸಲು ಬೇಕಾದದ್ದು ಬೇರೆ. ಮತ್ತೆ ಹೋಗಿ 10 ಅಡಿಯದ್ದು ತಂದೆ.

ಈ ಲೆಕ್ಕ ಸಾಮಾನು ತರೋದಕ್ಕೆ ಸಾಕು, ಫ್ರೇಮು ಮಾಡೋದಕ್ಕೆ ಸಾಲದು. ಕೈಯಲ್ಲಿ ಕಟ್ಟಿದ ಗೋಡೆ ಎಲ್ಲೂ ಸರಿಯಾದ ವೃತ್ತ ಆಗಿರುವುದಿಲ್ಲ, ಮೇಲೊಂದು ತಿರುವು, ಕೆಳಗೊಂದು ತಿರುವು. ಅದಕ್ಕೆ 1 ಅಡಿ ಅಗಲದ ಪ್ಲೈವುಡ್ ಪಟ್ಟಿಯನ್ನು ಗೋಡೆಗೆ ಆನಿಸಿ, ಮರದ ಚೂರಿಗೆ ಪೆನ್ಸಿಲ್ ಕಟ್ಟಿ, ಆ ಚೂರನ್ನು ಗೋಡೆಗೆ ಒತ್ತಿಕೊಂಡೇ ಈ ತುದಿಯಿಂದ ಆ ತುದಿವರೆಗೆ ಎಳೆದೆ. ಗೋಡೆಯ ಉಬ್ಬು ತಗ್ಗೆಲ್ಲ ಗೆರೆಯಾಗಿ ಬಂತು. ಮೇಲಿನದಕ್ಕೆ ಒಂದು, ಕೆಳಗಿನದಕ್ಕೆ ಒಂದು, ಹೀಗೆ ಎರಡು ಅಚ್ಚು ತೆಗೆದೆ.

ಅಚ್ಚನ್ನು ಅಂತರಸನಹಳ್ಳಿಯ ರೋಲಿಂಗ್ ಮಾಡುವವರ, ಅಂದರೆ ರೋಲರ್ ಮೆಷಿನ್‌ನಲ್ಲಿ ಪೈಪು ಬಗ್ಗಿಸುವವರ ಹತ್ತಿರ ತೆಗೆದುಕೊಂಡು ಹೋದೆ. ರೋಲರ್‌ನಲ್ಲಿ ಪೈಪಿನ ಎರಡು ತುದಿ ಬಗ್ಗುವುದಿಲ್ಲ, ನೇರವಾಗೇ ಉಳಿಯುತ್ತವೆ. ಆದ್ದರಿಂದ ಎರಡೂ ಕಡೆ 1 ಅಡಿ ಜಾಸ್ತಿ ಕೊಟ್ಟು, ಬಗ್ಗಿಸಿದ ಮೇಲೆ ಕತ್ತರಿಸಬೇಕು. ಮೇಲೆ ಕೆಳಗೆ ಬಾಗಿದ ಪೈಪು, ನಡುವೆ ಅಡಿಗೊಂದು ನೇರ ಪೈಪು. 3 ಎಂಎಂ ಶೀಟು ಇಷ್ಟು ದೊಡ್ಡ ತಿರುವಿಗೆ ಕೈಯಲ್ಲೇ ಬಗ್ಗುತ್ತದೆ, ಬಿಟ್ಟರೆ ವಾಪಸ್ ನೇರ ಆಗುತ್ತದೆ. ಹಾಗಾಗಿ ನಡುವಿನಿಂದ ಶುರು ಮಾಡಿ ತುದಿ ಕಡೆಗೆ ಸ್ಕ್ರೂ ಹಾಕುತ್ತಾ ಹೋದೆ. ಬಿಸಿಲಿಗೆ ಶೀಟು ಹಿಗ್ಗುತ್ತದೆ, ಸ್ಕ್ರೂ ತೂತು ಸ್ವಲ್ಪ ದೊಡ್ಡದೇ ಇರಲಿ.

ಗೋಡೆಗೆ 10 ಎಂಎಂ ರಾಡ್, ಕೆಮಿಕಲ್ ಆಂಕರ್ (ತೂತಿನಲ್ಲಿ ರಾಡನ್ನು ಹಿಡಿದಿಡುವ ಅಂಟು) ಹಾಕಿ. ತೂತಿನ ಪುಡಿಯನ್ನು ಬ್ರಷ್ ಹಾಕಿ ಊದಿ ತೆಗೆಯದಿದ್ದರೆ ಅದು ಹಿಡಿಯುವುದಿಲ್ಲ. ಎಲ್ ಕ್ಲಾಂಪಿನಲ್ಲಿ ತೂತಿನ ಬದಲು ಉದ್ದ ಸ್ಲಾಟ್ ಕೊಯ್ಯಿಸಿದ್ದೆ. ಗೋಡೆ ಎಲ್ಲಿ ತಗ್ಗಿದೆಯೋ ಅಲ್ಲಿ ಫ್ರೇಮನ್ನು ಹಿಂದೆ ಮುಂದೆ ಸರಿಸಿ ಬಿಗಿಯಬಹುದು. ಮಟ್ಟಕ್ಕೆ ದಾರ ಉಪಯೋಗವಿಲ್ಲ, ದಾರ ನೇರ ಹೋಗುತ್ತೆ, ಗೋಡೆ ತಿರುಗುತ್ತೆ. ಗಾರೆಯವರ ನೀರಿನ ಟ್ಯೂಬ್ ಲೆವೆಲ್ಲೇ ಸರಿ.

ಇನ್ನು ಅಕ್ಷರ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿ ಪ್ರಕಾರ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ನನಗಂತೂ ಕನ್ನಡ ಅಕ್ಷರ ಕತ್ತರಿಸುವುದೇ ಇಷ್ಟ. ಈ ತಿರುವಿನಲ್ಲಿ 1 ಅಡಿ ಅಗಲದ ಚಪ್ಪಟೆ ಆಕ್ರಿಲಿಕ್ ಅಕ್ಷರ ಕೂರಿಸಿದರೆ ಅಂಚಿನಲ್ಲಿ 3 ಎಂಎಂ ಸಂದಿ, ಕಣ್ಣಿಗೆ ಕಾಣುವುದಿಲ್ಲ. 2 ಅಡಿಯದ್ದಾದರೆ ಸಂದಿ 12 ಎಂಎಂ ಆಗುತ್ತದೆ, ಬೋರ್ಡಿನಿಂದ ಎದ್ದು ನಿಂತ ಹಾಗೆ ಕಾಣುತ್ತದೆ. ಹಾಗಾಗಿ ಅಡಿಗಿಂತ ಅಗಲ ಮಾಡಲಿಲ್ಲ. 'ಪುಸ್ತಕ'ದಲ್ಲಿ ತ ಒತ್ತು ಬೇರೆ ತುಂಡು ಅಲ್ವಾ? ಅದನ್ನು ಬೇರೆಯಾಗಿ ಕೂರಿಸಿ ನೋಡಿದೆ. ಅಕ್ಷರ ಒಂದು ಕಡೆ ಮುಖ ಮಾಡಿತು, ಒತ್ತು ಇನ್ನೊಂದು ಕಡೆ. ಕಳಚಿ, ಎರಡನ್ನೂ ಒಂದೇ ಪಾರದರ್ಶಕ ಆಕ್ರಿಲಿಕ್ ತುಂಡಿಗೆ ಅಂಟಿಸಿ ಒಟ್ಟಿಗೆ ಕೂರಿಸಿದೆ. ಆಮೇಲೆ ಸರಿಯಾಯಿತು.

ತೂತು ಹಾಕುವ ಮುಂಚೆ ಅಕ್ಷರಗಳನ್ನು ಪೇಪರಿನಲ್ಲಿ ಅದೇ ಅಳತೆಗೆ ಕತ್ತರಿಸಿ ಅಂಟಿಸಿ, ಎರಡೂ ರಸ್ತೆಯಿಂದ ನೋಡಿದೆ. ಒಂದು ರಸ್ತೆಯಿಂದ ಆಚೆ ತುದಿಯ ಅಕ್ಷರ ಸಣ್ಣಗೆ ಒತ್ತಿದ ಹಾಗೆ ಕಾಣುತ್ತಿತ್ತು. ಹೆಸರನ್ನು ನಡುವಿನ 6 ಅಡಿಯೊಳಗೆ ತಂದು ತುದಿಗಳನ್ನು ಖಾಲಿ ಬಿಟ್ಟೆ. ಅಂಗಡಿಯವರಿಗೆ ಮೊದಲು ಆ ಖಾಲಿ ಜಾಗ ಇಷ್ಟವಾಗಲಿಲ್ಲ. ಆಚೆ ಫುಟ್‌ಪಾತಿಗೆ ಕರೆದುಕೊಂಡು ಹೋಗಿ ತೋರಿಸಿದ ಮೇಲೆ ಒಪ್ಪಿದರು.

ಹೊಸ ಬೋರ್ಡು ಒಂದು ಆಷಾಢ ಕಳೆದಿದೆ. ಗಾಳಿ ನಿಂತ ಮೇಲೆ ಏಣಿ ಹಾಕಿ ಒಂದೊಂದೇ ನಟ್ಟಿಗೆ ಸ್ಪ್ಯಾನರ್ ಹಿಡಿದು ನೋಡಿದೆ. ಕೆಳಗಿನ ಸಾಲಿನ ಒಂದು ನಟ್ಟು ಕಾಲು ಸುತ್ತು ತಿರುಗಿತು, ಉಳಿದವು ಅಲುಗಾಡಲಿಲ್ಲ.