ನೀರು ಹಾಕದೆ ಗಂಜಿ ತೆಳ್ಳಗೆ ಮಾಡುವುದು: ಮೊಳಕೆ ರಾಗಿಯಲ್ಲಿ ಕಿಣ್ವ ನೋಡುವ ಬಗೆ

ಮೊಮ್ಮಗಳಿಗೆ ಏಳು ತಿಂಗಳು ತುಂಬಿದಾಗ ಮಗಳ ಮನೆಗೆ ಹೋಗಿದ್ದೆ. ಬೆಳಿಗ್ಗೆ ಮಗಳು ರಾಗಿ ಸರಿ ಮಾಡಿದಳು. ಒಲೆಯಿಂದ ಇಳಿಸಿದಾಗ ಹದವಾಗಿಯೇ ಇತ್ತು, ಹತ್ತು ನಿಮಿಷಕ್ಕೆ ಮುದ್ದೆಯಂತಾಯಿತು. ಮಗು ನುಂಗಲಾರದೆ ಉಗುಳಿತು. ಮಗಳು ಬಿಸಿನೀರು ಬೆರೆಸಿದಳು. ತೆಳ್ಳಗೇನೋ ಆಯಿತು, ಆದರೆ ಆ ಪುಟ್ಟ ಹೊಟ್ಟೆಗೆ ಹೋಗಿದ್ದು ಜಾಸ್ತಿ ನೀರೇ. ಒಂದು ಗಂಟೆಗೆ ಮತ್ತೆ ಹಸಿವಿನ ಅಳು.

ಮಾರನೇ ದಿನ ನಾನೇ ಒಲೆ ಮುಂದೆ ನಿಂತೆ. ಸರಿಯನ್ನು ಗಟ್ಟಿಯಾಗಿಯೇ ಬೇಯಿಸಿದೆ. ಸ್ವಲ್ಪ ಆರಿದ ಮೇಲೆ, ಊರಿಂದ ತಂದಿದ್ದ ಮೊಳಕೆ ರಾಗಿ ಹಿಟ್ಟನ್ನು ಒಂದು ಟೀ ಚಮಚ ಹಾಕಿ, ಕೈಯಾಡಿಸಿ ಮುಚ್ಚಿಟ್ಟೆ. ಐದಾರು ನಿಮಿಷ ಬಿಟ್ಟು ಮಗಳು ಮುಚ್ಚಳ ತೆಗೆದಳು.

"ಅಮ್ಮಾ, ನೀರು ಹಾಕಿದ್ಯಾ?"

"ಒಂದು ತೊಟ್ಟೂ ಇಲ್ಲ ಕಣೇ."

ಚಮಚ ಎತ್ತಿದರೆ ಸರಿ ಧಾರೆಯಾಗಿ ಇಳಿಯುತ್ತಿತ್ತು.

28 ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವದ (ಎಂಜೈಮ್) ಪ್ರಯೋಗವನ್ನು ಎಷ್ಟು ಸಲ ಮಾಡಿಸಿದ್ದೇನೋ ಲೆಕ್ಕವಿಲ್ಲ. ಆದರೂ ಕಿಣ್ವ ಅಂದರೆ ಏನು ಎಂದು ಕಣ್ಣಿಗೆ ಕಾಣುವಂತೆ ತೋರಿಸಲು ಈ ರಾಗಿ ಸರಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಮೊದಲು ಹಿಟ್ಟು ಮಾಡಿಕೊಳ್ಳಿ. ಅರ್ಧ ಕೆಜಿ ರಾಗಿಯನ್ನು ಕಲ್ಲು ಮಣ್ಣು ಹೋಗುವಂತೆ ತೊಳೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಹತ್ತಿ ಬಟ್ಟೆಯಲ್ಲಿ ಕಟ್ಟಿಡಿ. ಬಟ್ಟೆ ಒಣಗದಂತೆ ಆಗಾಗ ನೀರು ಚಿಮುಕಿಸಿ. ಎರಡು ದಿನಕ್ಕೆ ಬಿಳಿ ಮೊಳಕೆ ಚೆನ್ನಾಗಿ ಬಂದಿರುತ್ತದೆ. ಬೂಸಲು ಹಿಡಿದರೆ, ಕೆಟ್ಟ ವಾಸನೆ ಬಂದರೆ ಯೋಚನೆ ಮಾಡದೆ ಬಿಸಾಡಿ. ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿದರೆ ಒಣಗಿದ ಬೇರುಗಳೆಲ್ಲ ಹಾರಿಹೋಗುತ್ತವೆ.

ಇನ್ನು ಮುಂದೆ ಜೋಪಾನ. ಮೊದಲ ಸಲ ನಾನು ಇಲ್ಲೇ ಕೆಡಿಸಿದ್ದೆ. ಹುರಿಹಿಟ್ಟಿಗೆ ಹುರಿಯುವ ಹಾಗೆ ಘಮ್ಮನೆ ಪರಿಮಳ ಬರುವ ತನಕ ಹುರಿದೆ. ಹಿಟ್ಟಿನ ರುಚಿ ಬಹಳ ಚೆನ್ನಾಗಿತ್ತು, ಆದರೆ ಸರಿ ಒಂದಿಷ್ಟೂ ತೆಳ್ಳಗಾಗಲಿಲ್ಲ. ಕಿಣ್ವ ಬಾಣಲೆಯಲ್ಲೇ ಸತ್ತುಹೋಗಿತ್ತು. ಈ ಕೆಲಸಕ್ಕೆ ಬಾಣಲೆ ಬೆಚ್ಚಗಾದರೆ ಸಾಕು. ಬಿಸಿಲು ಚೆನ್ನಾಗಿದ್ದರೆ ಅದೂ ಬೇಡ. ಮಿಕ್ಸಿಯಲ್ಲಿ ಪುಡಿ ಮಾಡುವಾಗಲೂ ಬಿಟ್ಟು ಬಿಟ್ಟು ತಿರುಗಿಸಿ, ಜಾರ್ ಕಾಯಬಾರದು. ಜರಡಿ ಹಿಡಿದು ಗಾಳಿಯಾಡದ ಡಬ್ಬಿಗೆ ತುಂಬಿಡಿ. ಒಣಗಿದ ಹಿಟ್ಟಿನಲ್ಲಿ ಕಿಣ್ವ ಸುಮ್ನೆ ಇರುತ್ತದೆ. ನೀರು ಸಿಕ್ಕರೆ ಮಾತ್ರ ಕೆಲಸ.

ಈಗ ಆ ಕೆಲಸ ಏನು ಅಂತ ನೋಡೋಣ. ರಾಗಿಯ ಪಿಷ್ಟ ಅಂದರೆ ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಉದ್ದುದ್ದ ಸರ. ಬೇಯಿಸಿದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ, ಸರಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅದಕ್ಕೇ ಗಂಜಿ ಗಟ್ಟಿ. ಮೊಳಕೆ ಬರುವಾಗ ಕಾಳು ಅಮೈಲೇಸ್ ಎಂಬ ಕಿಣ್ವ ತಯಾರಿಸುತ್ತದೆ. ಹಸಿರೆಲೆ ಮೂಡುವ ತನಕ ಸಸಿ ಬದುಕಬೇಕಲ್ವಾ? ಕಾಳಿನೊಳಗಿನ ಪಿಷ್ಟವೇ ಅದರ ಬುತ್ತಿ, ಬುತ್ತಿ ಬಿಚ್ಚುವುದು ಈ ಕಿಣ್ವ. ಅದು ಸರವನ್ನು ನಡುನಡುವೆ ಕತ್ತರಿಸುತ್ತದೆ. ನಾಲ್ಕು ಕಡೆ ಕತ್ತರಿಸಿದರೂ ಸಿಕ್ಕು ಬಿಡುತ್ತದೆ, ಗಂಜಿ ನೀರಾಗುತ್ತದೆ.

ಕಿಣ್ವವನ್ನು ನಾನು ಅಡಕತ್ತರಿಗೆ ಹೋಲಿಸುತ್ತೇನೆ. ಅಡಿಕೆ ಬಾಯಿಗೆ ಕೂರುತ್ತದೆ, ಹೋಳಾಗುತ್ತದೆ, ಬೀಳುತ್ತದೆ. ಅಡಕತ್ತರಿ ಮುಂದಿನ ಅಡಿಕೆಗೆ ತಯಾರು. ಅದು ಸವೆದು ಖರ್ಚಾಗುವುದಿಲ್ಲ. ಒಂದು ಟೀ ಚಮಚ ಹಿಟ್ಟು ಒಂದು ಪಾತ್ರೆ ಗಂಜಿಯನ್ನು ತೆಳ್ಳಗೆ ಮಾಡುವುದು ಹೀಗೆ. ಇನ್ನೂ ಒಂದು ಮಾತು. ಅಡಕತ್ತರಿಯ ಬಾಯಿಗೆ ಎಲ್ಲವೂ ಕೂರುವುದಿಲ್ಲ. ನೀವು ರಾಗಿ ಕಟ್ಟಿದ ಹತ್ತಿ ಬಟ್ಟೆ ಇದೆಯಲ್ಲ, ಅದೂ ಗ್ಲೂಕೋಸ್ ಮಣಿಗಳ ಸರವೇ! ಮಣಿಗಳನ್ನು ಪೋಣಿಸಿದ ರೀತಿ ಮಾತ್ರ ಬೇರೆ. ಅಷ್ಟಕ್ಕೇ ಅಮೈಲೇಸ್ ಅದನ್ನು ಮುಟ್ಟುವುದಿಲ್ಲ. ಎರಡು ದಿನ ಮೊಳಕೆಯ ಜೊತೆಗಿದ್ದರೂ ಬಟ್ಟೆಯ ಒಂದು ಎಳೆಗೂ ಏನೂ ಆಗಿರುವುದಿಲ್ಲ. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ನನಗೇ ರೋಮಾಂಚನವಾಗುತ್ತಿತ್ತು.

ಮೊದಲ ಬಾರಿಗೆ ಒಂದು ಕಿಣ್ವವನ್ನು ಬೇರ್ಪಡಿಸಿದ್ದೂ ಮೊಳಕೆ ಕಾಳಿನಿಂದಲೇ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಬಾರ್ಲಿ ಮೊಳಕೆಯಿಂದ ಅದನ್ನು ತೆಗೆದರು. ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ಮೊಳಕೆ ರಾಗಿಯ ಮೇಲೆ, ಅದರಿಂದ ಮಾಡುವ ಮಕ್ಕಳ ಆಹಾರದ ಮೇಲೆ ತುಂಬ ಕೆಲಸ ಮಾಡಿದ್ದಾರೆ.

ಈಗ ಪ್ರಯೋಗ. ಇದು ನೋಡುವುದಕ್ಕೆ, ತಿನ್ನುವುದಕ್ಕಲ್ಲ. ಎರಡು ಲೋಟ ನೀರಿಗೆ ಆರು ದೊಡ್ಡ ಚಮಚ ಮಾಮೂಲಿ ರಾಗಿ ಹಿಟ್ಟು ಕದಡಿ, ಗಟ್ಟಿ ಗಂಜಿ ಕಾಯಿಸಿ. ನಾಲ್ಕು ಸ್ಟೀಲ್ ಲೋಟಗಳಿಗೆ ಸಮನಾಗಿ ಹಂಚಿ. ಮೊಳಕೆ ಹಿಟ್ಟನ್ನು ಲೋಟಕ್ಕೊಂದು ಟೀ ಚಮಚದಂತೆ, ಎರಡು ಚಮಚ ತಣ್ಣೀರಲ್ಲಿ ಕಲಸಿಟ್ಟುಕೊಳ್ಳಿ. ಒಂದನೇ ಲೋಟವನ್ನು ಕುದಿಯುವ ನೀರಿನ ಪಾತ್ರೆಯಲ್ಲೇ ಇಟ್ಟು, ಗಂಜಿ ಹೊಗೆಯಾಡುತ್ತಿರುವಾಗಲೇ ಹಿಟ್ಟು ಹಾಕಿ. ಎರಡನೆಯದು ಸುಮಾರು 50 ಡಿಗ್ರಿಗೆ ಇಳಿಯಲಿ. ಥರ್ಮಾಮೀಟರ್ ಇಲ್ಲದಿದ್ದರೆ, ಲೋಟವನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಮಾತ್ರ ಹಿಡಿಯಲಾಗುವಷ್ಟು ಬಿಸಿ ಎಂದುಕೊಳ್ಳಿ. ಮೂರನೆಯದನ್ನು ಪೂರ್ತಿ ತಣ್ಣಗಾಗಿಸಿ ಐಸ್ ನೀರಲ್ಲಿ ಇಡಿ. ನಾಲ್ಕನೆಯದೂ ಎರಡನೆಯದರಷ್ಟೇ ಬಿಸಿ, ಆದರೆ ಎರಡು ಚಮಚ ನಿಂಬೆರಸ ಸೇರಿಸಿ. ಆಮೇಲೆ ಈ ಲೋಟಗಳಿಗೂ ಹಿಟ್ಟು ಹಾಕಿ ಕಲಸಿ. ನಿಂಬೆ ಹಾಕದ ಮೂರಕ್ಕೂ ಎರಡೆರಡು ಚಮಚ ನೀರು ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ತೆಳ್ಳಗಾಗಿದ್ದು ಕಿಣ್ವದಿಂದಲೋ ನಿಂಬೆಯ ನೀರಿನಿಂದಲೋ ಹೇಳಲಾಗುವುದಿಲ್ಲ.

ಹತ್ತು ನಿಮಿಷ ಬಿಟ್ಟು ಚಮಚ ಎತ್ತಿ ನೋಡಿ. ಎರಡನೆಯದು ಮಾತ್ರ ಚೆನ್ನಾಗಿ ಹರಿಯುತ್ತದೆ. ಕಿಣ್ವ ಒಂದು ಪ್ರೋಟೀನ್. ಅದರ ಮಡಿಕೆಯೇ ಅದರ ಬಾಯಿಯ ಆಕಾರ. ಕುದಿಯುವ ಶಾಖಕ್ಕೆ ಆ ಮಡಿಕೆ ಬಿಚ್ಚಿಹೋಗುತ್ತದೆ, ಅಡಕತ್ತರಿಯ ಕೀಲು ಕಳಚಿದ ಹಾಗೆ. ಹುಳಿ ಮಿತಿ ಮೀರಿದರೂ ಅದರ ಬಾಯಿ ಕೆಟ್ಟು ಪಿಷ್ಟ ಕೂರುವುದಿಲ್ಲ. ಹುಳಿಯನ್ನು ಅಳೆಯುವುದು ಪಿಎಚ್ ಎಂಬ ಅಂಕಿಯಲ್ಲಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ರಾಗಿಯ ಅಮೈಲೇಸ್‌ಗೆ ಪಿಎಚ್ 5ರ ಆಸುಪಾಸಿನ ಸಣ್ಣ ಹುಳಿ ಒಗ್ಗುತ್ತದೆ, ನಿಂಬೆರಸದಷ್ಟು ಹುಳಿ ಒಗ್ಗುವುದಿಲ್ಲ. ಹುಳಿಯೇ ಬೇಕೆನ್ನುವ ಕಿಣ್ವವೂ ಉಂಟು. ನಮ್ಮ ಹೊಟ್ಟೆಯ ಪೆಪ್ಸಿನ್‌ಗೆ ಪಿಎಚ್ 2ರ ಹತ್ತಿರ ಇದ್ದರೇ ಚೆನ್ನ. ಜೊಲ್ಲಿನ ಅಮೈಲೇಸ್‌ಗೆ 37 ಡಿಗ್ರಿ, ಪಿಎಚ್ 6.8ರ ಹತ್ತಿರ.

ಮೂರನೇ ಲೋಟವನ್ನು ಚೆಲ್ಲಬೇಡಿ. ಒಂದನೆಯದನ್ನು ತಣಿಸಿ, ಮೂರನೆಯದನ್ನು ಬಿಸಿ ಮಾಡಿ, ಎರಡನ್ನೂ ಎರಡನೇ ಲೋಟದ ಹದಕ್ಕೆ ತನ್ನಿ. ಐಸಿನಲ್ಲಿದ್ದದ್ದು ನಿಧಾನಕ್ಕೆ ಸಡಿಲವಾಗುತ್ತದೆ. ಕುದಿ ತಿಂದದ್ದು ಎಷ್ಟು ಹೊತ್ತಾದರೂ ಗಟ್ಟಿಯೇ. ಚಳಿಗೆ ಕಿಣ್ವ ಮಲಗಿರುತ್ತದೆ, ಕುದಿಗೆ ಸಾಯುತ್ತದೆ. ಮಕ್ಕಳು ಪರೀಕ್ಷೆಯಲ್ಲಿ ಎರಡನ್ನೂ ಒಂದೇ ಎಂದು ಬರೆಯುತ್ತಾರೆ. ಒಂದು ಸಲ ಈ ಎರಡು ಲೋಟ ನೋಡಿದವರು ಆ ತಪ್ಪು ಮಾಡಿದ್ದನ್ನು ನಾನು ಕಂಡಿಲ್ಲ.

ಹಿಟ್ಟು ಹೆಚ್ಚಿಸಿದರೆ ಬೇಗ ತೆಳ್ಳಗಾಗುತ್ತದಾ? ಆಗುತ್ತದೆ, ಅಡಕತ್ತರಿಗಳು ಜಾಸ್ತಿಯಾದವಲ್ಲ. ಆದರೆ ಕಿಣ್ವ ಅಷ್ಟೇ ಇದ್ದು ಗಂಜಿಯನ್ನು ಎಷ್ಟೇ ಹೆಚ್ಚಿಸಿದರೂ ಒಂದು ಮಿತಿಯ ಮೇಲೆ ವೇಗ ಏರುವುದಿಲ್ಲ. ಎಲ್ಲ ಬಾಯಿಗಳೂ ತುಂಬಿರುತ್ತವೆ.

ಮಗುವಿಗೆ ಕೊಡುವ ಸರಿಗೆ ಒಂದು ಕೆಲಸ ಬಾಕಿ ಇದೆ, ಇದನ್ನು ದಯವಿಟ್ಟು ಬಿಡಬೇಡಿ. ಮೊಳಕೆ ಕಾಳು ಎರಡು ದಿನ ಒದ್ದೆಯಲ್ಲಿ ಇದ್ದದ್ದು, ಅದರಲ್ಲಿ ಸೂಕ್ಷ್ಮಜೀವಿಗಳು ಇರಬಹುದು. ಸರಿ ತೆಳ್ಳಗಾದ ತಕ್ಷಣ ಮತ್ತೆ ಒಲೆಗಿಟ್ಟು, ಕೈಯಾಡಿಸುತ್ತ ಮೂರು ನಿಮಿಷ ಕುದಿಸಿ. ಕಿಣ್ವದ ಕೆಲಸವೂ ಅಲ್ಲಿಗೆ ನಿಲ್ಲುತ್ತದೆ, ಸರಿ ಇನ್ನೂ ನೀರಾಗುವುದಿಲ್ಲ. ಆಮೇಲೆ ಅರ್ಧ ಚಮಚ ತುಪ್ಪ ಹಾಕಿ, ಉಗುರು ಬೆಚ್ಚಗಾದ ಮೇಲೆ ತಿನ್ನಿಸಿ.